ಅಕ್ಕಿಕಾಳಿನಷ್ಟು ಪೇಸ್ಟ್ ಯಾಕೆ? ಒಂದು ಕಂದು ಕಲೆಯ ಕಥೆ

ಟಿವಿ ಜಾಹೀರಾತು ನೋಡಿರ್ತೀರಿ. ಬ್ರಷ್ ಮೇಲೆ ಪೇಸ್ಟ್ ಈ ತುದಿಯಿಂದ ಆ ತುದಿವರೆಗೆ ಅಲೆಅಲೆಯಾಗಿ ಕೂತಿರುತ್ತೆ. ಮನೆಯಲ್ಲಿ ಮಕ್ಕಳಿಗೂ ಹಾಗೇ ಹಾಕಿಕೊಡ್ತಾರೆ. ಆದರೆ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಯಾಕೆ ಇಷ್ಟೇ? ಇವತ್ತು ಆ ಕಥೆ ಹೇಳ್ತೀನಿ.

1901. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ ಫ್ರೆಡರಿಕ್ ಮೆಕೇ ಅನ್ನೋ ಯುವ ದಂತವೈದ್ಯರು ಬಂದರು. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗದು. ವಿಚಿತ್ರ ಅಂದರೆ, ಆ ಕಲೆಯ ಹಲ್ಲುಗಳು ಸುಲಭಕ್ಕೆ ಹುಳುಕಾಗುತ್ತಿರಲಿಲ್ಲ!

ಈ ಒಗಟು ಬಿಡಿಸೋಕೆ ದಾರಿ ತೋರಿಸಿದವರಲ್ಲಿ ಅಪ್ಪ-ಅಮ್ಮಂದಿರೂ ಇದ್ದರು. 1923ರಲ್ಲಿ ಮೆಕೇ ಐಡಾಹೊ ರಾಜ್ಯದ ಓಕ್ಲಿಗೆ ಹೋದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪ್ ಹಾಕಿದ ಮೇಲೇ ಮಕ್ಕಳ ಹಲ್ಲಲ್ಲಿ ಕಲೆ ಶುರುವಾಯ್ತು ಅಂತ ಅಲ್ಲಿನ ಪೋಷಕರು ಹೇಳಿದರು. ಮೆಕೇ ಸಲಹೆಯಂತೆ ಊರಿನವರು ಆ ನೀರು ಬಿಟ್ಟು ಬೇರೆ ಬುಗ್ಗೆಯ ನೀರು ತಂದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂತು.

ನೀರಲ್ಲಿ ಇದ್ದದ್ದೇನು? 1931ರಲ್ಲಿ ಉತ್ತರ ಸಿಕ್ಕಿತು: ಫ್ಲೋರೈಡ್. ಆಮೇಲೆ ಟ್ರೆಂಡ್ಲಿ ಡೀನ್ ಊರೂರಿನ ನೀರನ್ನೂ ಮಕ್ಕಳ ಹಲ್ಲನ್ನೂ ಹೋಲಿಸಿ ನೋಡಿದರು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಂದು ಕಲೆಯ ಕಾಟವಿಲ್ಲ, ಹುಳುಕೂ ಕಡಿಮೆ. 1945ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ಕುಡಿಯೋ ನೀರಿಗೇ ಫ್ಲೋರೈಡ್ ಬೆರೆಸಿತು. ಅದಾದ ಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ. 60ಕ್ಕಿಂತ ಹೆಚ್ಚು ಇಳಿಯಿತು. 1950ರ ದಶಕದಲ್ಲಿ ಫ್ಲೋರೈಡ್ ಪೇಸ್ಟ್ ಕೂಡ ಅಂಗಡಿಗೆ ಬಂತು.

ಈಗ ನಮ್ಮ ಕಡೆ ಬನ್ನಿ. ಪಾವಗಡದ ಕಡೆ, ಕೋಲಾರದ ಕಡೆ ಫ್ಲೋರೈಡನ್ನು ಯಾರೂ ಬೆರೆಸಬೇಕಿಲ್ಲ, ನೆಲದೊಳಗಿನ ಬಂಡೆಯಿಂದಲೇ ಬೋರ್‌ವೆಲ್ ನೀರಿಗೆ ಸೇರುತ್ತೆ. ಅಲ್ಲಿನ ಮಕ್ಕಳ ಹಲ್ಲಿನ ಕಲೆ ನೋಡಿ, "ಹಲ್ಲು ಉಜ್ಜಲ್ವೇನೋ?" ಅಂತ ರೇಗಿಸುವವರಿದ್ದಾರೆ. ಕೊಲೊರಾಡೊ ಕಥೆ ಗೊತ್ತಿದ್ದವರು ಹಾಗೆ ಕೇಳಲ್ಲ. ಆ ಕಲೆ ಸೋಮಾರಿತನದ್ದಲ್ಲ. ಹಲ್ಲು ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿದ್ದಾಗಲೇ ನೀರು ಹಾಕಿದ ಗುರುತು.

ಹಾಗಂತ ಫ್ಲೋರೈಡ್ ವಿಷ ಅಂತ ಪೇಸ್ಟನ್ನೇ ಎಸೆಯೋದೂ ಬೇಡ, ಚಪ್ಪರಿಸಿ ತಿನ್ನಲಿ ಬಿಡು ಅನ್ನೋದೂ ಬೇಡ. ಎಲ್ಲಾ ಅಳತೆಯ ಮಾತು. ಪುಟ್ಟ ಮಕ್ಕಳಿಗೆ ಉಗಿಯೋಕೆ ಬರಲ್ಲ, ನುಂಗಿಬಿಡ್ತಾವೆ. ಅದಕ್ಕೇ 2014ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಈ ಲೆಕ್ಕ ಹೇಳಿತು: ಮೊದಲ ಹಲ್ಲು ಬಂದಾಗಿನಿಂದ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿಯಷ್ಟು.

ನಿಮ್ಮ ಮನೆಯಲ್ಲೋ, ಅಕ್ಕನ ಮನೆಯಲ್ಲೋ ಪುಟ್ಟ ಮಗು ಇದ್ದರೆ ಇಷ್ಟು ಮಾಡಿ. ಪೇಸ್ಟ್ ದೊಡ್ಡವರೇ ಹಾಕಲಿ. ಬೆಳಗ್ಗೆ ಒಂದ್ಸಲ, ರಾತ್ರಿ ಮಲಗೋ ಮುಂಚೆ ಒಂದ್ಸಲ ಪಕ್ಕದಲ್ಲಿ ನಿಂತು ಉಜ್ಜಿಸಿ, ಉಗಿಯೋದು ಕಲಿಸಿ. ಬೋರ್‌ವೆಲ್ ನೀರು ಕುಡಿಯೋ ಊರಾದರೆ ನೀರನ್ನ ಪರೀಕ್ಷೆ ಮಾಡಿಸಿ, ಯಾವ ಪೇಸ್ಟ್ ಅಂತ ದಂತವೈದ್ಯರನ್ನು ಕೇಳಿ. ಓಕ್ಲಿಯ ಅಪ್ಪ-ಅಮ್ಮಂದಿರು ಮಾಡಿದ್ದೂ ಅಷ್ಟೇ: ಮಗುವಿನ ಹಲ್ಲು ನೋಡಿದರು, ಆಮೇಲೆ ನೀರಿನ ಬಗ್ಗೆ ಪ್ರಶ್ನೆ ಕೇಳಿದರು.

ಮುಂದಿನ ಕಂತಲ್ಲಿ ಸಿಗೋಣ.