ಬೋರಾನ್ ಕಾರ್ಬೈಡ್: ಗಡಸುತನಕ್ಕೆ ಹೆಸರು, ನ್ಯೂಟ್ರಾನಿಗೆ ಕೆಲಸ

ಕಲಬುರಗಿ ಜಿಲ್ಲೆಯ ದಂಡೋತಿಯ ಬಳಿ ಕಾಗಿಣಾ ನದಿ ಹರಿಯುವುದು ಸುಣ್ಣಕಲ್ಲಿನ ಹಾಸಿನ ನಾಡಿನಲ್ಲಿ. ಅದೇ ಹಾಸು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಶಿಯಾಗಿ ಏಳುತ್ತದೆ. ವಾಡಿ, ಸೇಡಂ, ಮಳಖೇಡಗಳಲ್ಲಿ ಭಟ್ಟಿಗೆ ಬಿದ್ದು ಸಿಮೆಂಟ್ ಆಗುತ್ತದೆ. ಜರ್ಮನಿಯ ಖನಿಜತಜ್ಞ ಫ್ರೆಡ್ರಿಕ್ ಮೊಹ್ಸ್ 1812ರಲ್ಲಿ ರೂಪಿಸಿದ ಗಡಸುತನದ ಮಾಪಕದಲ್ಲಿ ಈ ಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸ್ಥಾನ 3. ಮನೆಯ ಚಾಕುವಿನಿಂದ ಗೀಚಿದರೂ ಗೆರೆ ಮೂಡುತ್ತದೆ. ಈ ಮೆದುತನವೇ ಇಲ್ಲಿನ ಕಸುಬಿನ ಬಂಡವಾಳ. ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದ ಶಿಲ್ಪಿಗಳು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಷ್ಟು ನಾಜೂಕಾಗಿ ಕಂಡರಿಸಲು ಸಾಧ್ಯವಾದದ್ದು ಕಲ್ಲು ಉಳಿಗೆ ಒಲಿಯುವಂಥದ್ದಾಗಿದ್ದರಿಂದ.

ಅದೇ ಮಾಪಕದ ತುದಿಯಲ್ಲಿ, ವಜ್ರ ಮತ್ತು ಘನಾಕೃತಿಯ ಬೋರಾನ್ ನೈಟ್ರೈಡ್‌ಗಳ ನಂತರ ನಿಲ್ಲುವ ವಸ್ತು ಬೋರಾನ್ ಕಾರ್ಬೈಡ್. ಇದರ ಬಗ್ಗೆ ಬರೆಯುವವರೆಲ್ಲ ಗಡಸುತನದಿಂದ ಶುರುಮಾಡಿ ಅಲ್ಲೇ ನಿಂತುಬಿಡುತ್ತಾರೆ. ಭಾರತದ ಮಟ್ಟಿಗೆ ಈ ಚರಿತ್ರೆಯ ಮುಖ್ಯ ದಾರಿ ಬೇರೆ ಎಂಬುದು ಈ ಲೇಖನದ ವಾದ. ನಮ್ಮ ದೇಶದಲ್ಲಿ ಬೋರಾನ್ ಕಾರ್ಬೈಡ್‌ಗೆ ನೆಲೆ ಕೊಟ್ಟದ್ದು ಪರಮಾಣು ಸ್ಥಾವರಗಳು. ಸಾಣೆ, ಕವಚಗಳು ಆಮೇಲಿನ ಮಾತು.

19ನೆಯ ಶತಮಾನದಲ್ಲಿ ಲೋಹಗಳ ಜೊತೆ ಬೋರಾನನ್ನು ಕಾಸುವ ಪ್ರಯೋಗಗಳಲ್ಲಿ ಬೋರಾನ್ ಕಾರ್ಬೈಡ್ ಉಪೋತ್ಪನ್ನವಾಗಿ ಸಿಕ್ಕಿತು. 1858ರ ಸುಮಾರಿನಿಂದಲೇ ಇದರ ಸುಳಿವಿದೆ. 1883ರಲ್ಲಿ ಫ್ರಾನ್ಸಿನ ಜೋಲಿ ಇದನ್ನು ತಯಾರಿಸಿ, ಮೂರು ಬೋರಾನಿಗೆ ಒಂದು ಇಂಗಾಲ ಎಂದ. 1894ರಲ್ಲಿ ಆನ್ರಿ ಮೊಯ್ಸಾನ್ ತನ್ನ ವಿದ್ಯುತ್ ಕುಲುಮೆಯಲ್ಲಿ ಮಾಡಿ, ಆರಕ್ಕೆ ಒಂದು ಎಂದ. ಇಬ್ಬರೂ ಸಮರ್ಥರೇ. ಆದರೂ ಲೆಕ್ಕ ಕೂಡಿಬರಲಿಲ್ಲ. ಅಮೆರಿಕದ ನಾರ್ಟನ್ ಕಂಪನಿಯ ರೇಮಂಡ್ ರಿಜ್‌ವೇ 1934ರಲ್ಲಿ ನಾಲ್ಕಕ್ಕೆ ಒಂದು ಎಂಬ ಸೂತ್ರವನ್ನು ಮುಂದಿಟ್ಟ ಮೇಲೆ ಅದೇ ರೂಢಿಗೆ ಬಂತು. ಜಗಳ ಅಲ್ಲಿಗೂ ಮುಗಿಯಲಿಲ್ಲ ಎನ್ನಬಹುದು. ಏಕೆಂದರೆ ಈ ವಸ್ತುವಿಗೆ ಒಂದೇ ಸೂತ್ರವಿಲ್ಲ. ನೂರು ಪರಮಾಣುಗಳಲ್ಲಿ ಇಂಗಾಲದ ಪಾಲು ಸುಮಾರು 9ರಿಂದ 20ರವರೆಗೆ ಎಷ್ಟೇ ಇದ್ದರೂ ಹರಳಿನ ಮೂಲ ಕಟ್ಟು ಹಾಗೇ ಉಳಿಯುತ್ತದೆ. 1941ರಲ್ಲಿ ಸೋವಿಯತ್ ಒಕ್ಕೂಟದ ಝ್ಡಾನೊವ್ ಮತ್ತು ಸೆವಸ್ತ್ಯಾನೊವ್, 1943ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಹೋರ್ಡ್ ಎಕ್ಸ್-ಕಿರಣಗಳಿಂದ ಈ ಕಟ್ಟನ್ನು ಬಿಡಿಸಿ ತೋರಿಸಿದರು: ಹನ್ನೆರಡು ಪರಮಾಣುಗಳು ಕೂಡಿದ, ಇಪ್ಪತ್ತು ಮುಖಗಳ ಗೂಡುಗಳು, ಗೂಡು ಗೂಡಿನ ನಡುವೆ ಮೂರು ಪರಮಾಣುಗಳ ಪುಟ್ಟ ಸರಪಳಿ. ಬಂಧಗಳೆಲ್ಲ ಚಿಕ್ಕವು, ಬಿಗಿಯಾದವು, ಪರಮಾಣುಗಳು ಹಗುರವಾದವು. ಗಡಸುತನವೂ ಹಗುರತನವೂ ಒಂದೇ ಬೇರಿನಿಂದ ಬಂದವು.

ರಿಜ್‌ವೇ ಮತ್ತು ಸಂಗಡಿಗರು 1933ರಲ್ಲಿ ಮೊಹ್ಸ್ ಮಾಪಕವನ್ನು 10ರಿಂದ 15ಕ್ಕೆ ಹಿಗ್ಗಿಸಿದರು. ಹಳೆಯದರಲ್ಲಿ 9ರ ಕುರುಂದಕ್ಕೂ 10ರ ವಜ್ರಕ್ಕೂ ನಡುವೆ ದೊಡ್ಡ ಕಂದಕವಿತ್ತು. ವಿದ್ಯುತ್ ಕುಲುಮೆಯ ಹೊಸ ವಸ್ತುಗಳಿಗೆ ಅಲ್ಲಿ ಜಾಗವಿರಲಿಲ್ಲ. ಹೊಸದರಲ್ಲಿ ಸಿಲಿಕಾನ್ ಕಾರ್ಬೈಡ್‌ಗೆ 13, ಬೋರಾನ್ ಕಾರ್ಬೈಡ್‌ಗೆ 14, ವಜ್ರಕ್ಕೆ 15. ತನ್ನ ಕಂಪನಿಯ ಸರಕಿಗೆ ವಜ್ರದ ಪಕ್ಕದ ಪೀಠ ಕೊಡಿಸುವ ವ್ಯಾಪಾರಿ ಜಾಣ್ಮೆಯೂ ಇದರಲ್ಲಿತ್ತು ಎಂದು ನನ್ನ ಗುಮಾನಿ. ಹಾಗೆಂದು ಅಳತೆ ಸುಳ್ಳಲ್ಲ.

ಗೀಚಿ ನೋಡುವ ಪರೀಕ್ಷೆಯ ಬದಲು ಒತ್ತಿ ನೋಡುವ ಪರೀಕ್ಷೆ ಕಾರ್ಖಾನೆಗಳಿಗೆ ಬಂದದ್ದು ಅದಕ್ಕೂ ಮೊದಲು. ಬ್ರಿಟನ್ನಿನ ವಿಕರ್ಸ್ ಕಂಪನಿಯ ಸ್ಮಿತ್ ಮತ್ತು ಸ್ಯಾಂಡ್‌ಲ್ಯಾಂಡ್ 1921ರಲ್ಲಿ ವಜ್ರದ ಚಿಕ್ಕ ಪಿರಮಿಡ್ಡನ್ನು ವಸ್ತುವಿನ ಮೇಲೆ ಒತ್ತಿ, ಉಳಿದ ಗುರುತಿನ ಅಗಲದಿಂದ ಗಡಸುತನ ಲೆಕ್ಕ ಹಾಕುವ ಕ್ರಮ ಕಂಡುಕೊಂಡರು. ಬೋರಾನ್ ಕಾರ್ಬೈಡಿನ ವಿಕರ್ಸ್ ಸಂಖ್ಯೆ ಸುಮಾರು 3,000. ಕ್ಯಾಲ್ಸೈಟಿನದು ನೂರರ ಆಸುಪಾಸು. ಈ ವಿಕರ್ಸ್ ಎಂಬ ಹೆಸರು ನಮ್ಮ ಭಾಗಕ್ಕೆ ಹೊಸದೇನಲ್ಲ. ಶಹಾಬಾದಿನ ಭಾರಿ ಯಂತ್ರಗಳ ಕಾರ್ಖಾನೆಯನ್ನು ಹಳಬರು ಇಂದಿಗೂ ಎವಿಬಿ ಎನ್ನುತ್ತಾರೆ. ಎಸಿಸಿ, ವಿಕರ್ಸ್, ಬ್ಯಾಬ್‌ಕಾಕ್ ಮೂವರ ಮೊದಲಕ್ಷರ ಅದು. ಮಾಲೀಕರು ಬದಲಾದಂತೆ ಎಬಿಎಲ್, ಆಲ್‌ಸ್ಟಮ್, ಜಿಇ ಎಂದು ಬೋರ್ಡು ಬದಲಾಯಿತು. ಜಗತ್ತಿನ ಪ್ರಯೋಗಾಲಯಗಳು ಗಡಸುತನವನ್ನು ಯಾರ ಹೆಸರಿನಲ್ಲಿ ಅಳೆಯುತ್ತವೋ, ಆ ಕಂಪನಿ ಒಂದು ಕಾಲಕ್ಕೆ ಫರ್ಶಿ ಕಲ್ಲಿನ ಊರಿನಲ್ಲಿ ಪಾಲುದಾರನಾಗಿತ್ತು.

ಇನ್ನು ತೂಕದ ಮಾತು. ಎರಡಡಿ ಚೌಕದ, ಒಂದಿಂಚು ದಪ್ಪದ ಶಹಾಬಾದಿ ಫರ್ಶಿಯೊಂದು ಸುಮಾರು 25 ಕಿಲೋ ತೂಗುತ್ತದೆ. ಅದೇ ಅಳತೆಯ ಉಕ್ಕಿನ ಹಾಳೆ 74 ಕಿಲೋ. ಬೋರಾನ್ ಕಾರ್ಬೈಡಿನದಾದರೆ 24 ಕಿಲೋಗೂ ತುಸು ಕಡಿಮೆ! ಇದರ ಸಾಂದ್ರತೆ ಘನ ಸೆಂಟಿಮೀಟರಿಗೆ 2.52 ಗ್ರಾಂ, ಸುಣ್ಣಕಲ್ಲಿನದು 2.7. ಉಕ್ಕನ್ನು ಗೀಚಬಲ್ಲ ವಸ್ತು ನೆಲಕ್ಕೆ ಹಾಸುವ ಕಲ್ಲಿಗಿಂತ ಹಗುರ.

ಇಷ್ಟೆಲ್ಲ ಇದ್ದೂ ಇದು ಎಲ್ಲೆಲ್ಲೂ ಏಕಿಲ್ಲ? ಉತ್ತರ ಕುಲುಮೆಯಲ್ಲಿದೆ. ಅಕ್ಕಸಾಲಿಗರ ಬಿಳಿಗಾರ, ಕೇರಂ ಬೋರ್ಡಿನ ಮೇಲೆ ಉದುರಿಸುವ ಬೋರಿಕ್ ಪುಡಿ, ಇವೇ ಇದರ ಮೂಲದ್ರವ್ಯದ ಮನೆಮಂದಿ. ಬೋರಿಕ್ ಆಮ್ಲವನ್ನು ಕಾಸಿ ನೀರು ಕಳೆದರೆ ಬೋರಿಕ್ ಆಕ್ಸೈಡ್ ಸಿಗುತ್ತದೆ. ಅದನ್ನು ಇಂಗಾಲದ ಜೊತೆ ವಿದ್ಯುತ್ ಕುಲುಮೆಯಲ್ಲಿ ಕಾಸಿದರೆ ಇಂಗಾಲದ ಮಾನಾಕ್ಸೈಡ್ ಹೊರಟುಹೋಗಿ ಬೋರಾನ್ ಕಾರ್ಬೈಡ್ ಉಳಿಯುತ್ತದೆ. ಪುಸ್ತಕದ ಲೆಕ್ಕದಲ್ಲಿ 247 ಕಿಲೋ ಬೋರಿಕ್ ಆಮ್ಲ, 84 ಕಿಲೋ ಇಂಗಾಲ ಹಾಕಿದರೆ ಕೈಗೆ ಬರುವುದು 55 ಕಿಲೋ. ನಿಜದಲ್ಲಿ ಇನ್ನೂ ಕಡಿಮೆ. ಆ ಕಾವಿಗೆ ಬೋರಿಕ್ ಆಕ್ಸೈಡ್ ಆವಿಯಾಗಿ ಹೋಗುತ್ತದೆ. ಅಷ್ಟಾದರೂ ಸಿಕ್ಕುವುದು ಗಟ್ಟಿ. ಅದನ್ನು ಕುಟ್ಟಿ ಪುಡಿ ಮಾಡಬೇಕು. ಪುಡಿಯನ್ನು ಮತ್ತೆ ಬಿಲ್ಲೆಯಾಗಿಯೋ ಫಲಕವಾಗಿಯೋ ಕೂಡಿಸಲು ಗ್ರ್ಯಾಫೈಟ್ ಅಚ್ಚಿನಲ್ಲಿ 2,000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಸುತ್ತಲೇ ಒತ್ತಬೇಕು. ವಾಡಿಯ ಸಿಮೆಂಟ್ ಭಟ್ಟಿಯೊಳಗೆ ಕ್ಲಿಂಕರ್ ಕಾಣುವ ಕಾವು ಸುಮಾರು 1,450 ಡಿಗ್ರಿ. ಕೂಡಿಸಿದ ಮೇಲೆ ತಿದ್ದಬೇಕೆಂದರೆ ವಜ್ರದ ಸಾಣೆಯೇ ಬೇಕು. ಬಂಧಗಳು ಅಷ್ಟು ಬಿಗಿಯಾಗಿರುವುದರಿಂದ ಕಣಗಳು ಒಂದನ್ನೊಂದು ಬೆಸೆದುಕೊಳ್ಳಲು ಒಪ್ಪುವುದಿಲ್ಲ. ಮೆಚ್ಚಿದ ಗುಣವೇ ತಯಾರಕನಿಗೆ ಶತ್ರು. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಎ. ಕೆ. ಸೂರಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನದ ವಸ್ತುವೂ ಇದೇ: ಪುಡಿ ಮಾಡುವುದು ಹೇಗೆ, ಮತ್ತೆ ಕೂಡಿಸುವುದು ಹೇಗೆ.

ಕಲ್ಲಿನ ಕಸುಬಿನಲ್ಲಿ ಹೀಗಾಗಿ ಇದಕ್ಕೆ ಜಾಗ ಸಿಗಲಿಲ್ಲ. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕಂಡುಹಿಡಿದ ಸಿಲಿಕಾನ್ ಕಾರ್ಬೈಡ್, ಅಂದರೆ ಪಾಲಿಶ್ ಮಷಿನ್ನಿನವರು ಕಾರ್ಬೊರಂಡಮ್ ಎನ್ನುವ ಕಲ್ಲು, ಮರಳು ಮತ್ತು ಕೋಕ್‌ನಿಂದ ಆಗುತ್ತದೆ, ಅಗ್ಗ. ಮೊಹ್ಸ್ 3ರ ಕಲ್ಲನ್ನು ನುಣುಪು ಮಾಡಲು ಅದೇ ಹೆಚ್ಚಾಯಿತು. ಸಿಮೆಂಟ್ ಕಾರ್ಖಾನೆಯಲ್ಲಿ ಪುಡಿ ಹಾಯುವ ಕೊಳವೆ, ಸೈಕ್ಲೋನ್‌ಗಳ ಒಳಮೈ ಸವೆಯದಂತೆ ಅಲ್ಯುಮಿನಾ ಹೆಂಚು ಹಚ್ಚುತ್ತಾರೆ. ಅಲ್ಲಿ ಬೋರಾನ್ ಕಾರ್ಬೈಡ್ ಹಚ್ಚಿದರೆ ಬೆಲೆ ಗಗನಕ್ಕೇರುತ್ತದೆ. ಮೇಲಾಗಿ ಬಿಸಿ ಗಾಳಿಯಲ್ಲಿ ಸುಮಾರು 600 ಡಿಗ್ರಿ ದಾಟಿದರೆ ಇದು ಉತ್ಕರ್ಷಣೆಗೆ ತುತ್ತಾಗುತ್ತದೆ. ಕಾರ್ಖಾನೆಗಳಲ್ಲಿ ಇದು ಬೆಲೆ ಬಾಳುವ ಒಂದು ಜಾಗ ಮರಳು ಚಿಮ್ಮಿಸುವ ನಳಿಕೆ. ಬಾಯ್ಲರ್, ಸೇತುವೆಯ ಉಕ್ಕಿಗೆ ಬಣ್ಣ ಬಳಿಯುವ ಮೊದಲು ತುಕ್ಕು ಕೆಡವಲು ಗಾಳಿಯ ರಭಸದಲ್ಲಿ ಮರಳನ್ನೋ ಲೋಹದ ಹರಳನ್ನೋ ಎರಚುತ್ತಾರಲ್ಲ, ಅದರ ತುದಿಯ ನಳಿಕೆ. ಸಾದಾ ಸೆರಾಮಿಕ್ ನಳಿಕೆ ಕೆಲವೇ ಗಂಟೆಗಳಲ್ಲಿ ಸವೆದು ಬಾಯಿ ಬಿಡುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನದು ಮರಳಿಗೆ ಮುನ್ನೂರು ಗಂಟೆಗಳ ಆಸುಪಾಸು ಬಾಳಿದರೆ, ಬೋರಾನ್ ಕಾರ್ಬೈಡಿನದು ಅದರ ಎರಡು ಪಟ್ಟಿಗೂ ಮೇಲೆ ಬಾಳುತ್ತದೆ. ಬಾಯಿ ಅಗಲವಾದಷ್ಟೂ ಕಂಪ್ರೆಸರ್ ಹೆಚ್ಚು ಗಾಳಿ ಬೇಡುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಆದ್ದರಿಂದ ನಳಿಕೆಯನ್ನು ಅಂಗಡಿಯ ಬೆಲೆಯಿಂದಲ್ಲ, ಗಂಟೆಯ ಲೆಕ್ಕದಿಂದ ಕೊಳ್ಳಬೇಕು.

ಕವಚದ ಕತೆ ಹೆಚ್ಚು ಪ್ರಚಾರ ಪಡೆದದ್ದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕನ್ ಹೆಲಿಕಾಪ್ಟರುಗಳ ಚಾಲಕರ ಆಸನಕ್ಕೆ ಬೋರಾನ್ ಕಾರ್ಬೈಡ್ ಫಲಕ ಜೋಡಿಸಿದರು. ಅಲ್ಲಿ ಪ್ರತಿ ಕಿಲೋಗೂ ಲೆಕ್ಕವಿತ್ತು. ಭಾರತದಲ್ಲಿ ಭಾಭಾ ಕೇಂದ್ರ ರೂಪಿಸಿ ಹೈದರಾಬಾದಿನ ಮಿಧಾನಿ ತಯಾರಿಸಿದ ಭಾಭಾ ಕವಚದಲ್ಲೂ, 2024ರಲ್ಲಿ ಡಿಆರ್‌ಡಿಓ ದೆಹಲಿ ಐಐಟಿಯೊಡನೆ ಪ್ರಕಟಿಸಿದ ಅಭೇದ್ ಜಾಕೆಟ್ಟಿನಲ್ಲೂ ಇದೇ ವಸ್ತುವಿದೆ. ಆದರೆ ಗಡಸು ಎಂದ ಮಾತ್ರಕ್ಕೆ ಎಲ್ಲ ಗುಂಡಿಗೂ ಎದೆ ಕೊಡುತ್ತದೆ ಎನ್ನುವಂತಿಲ್ಲ. ಚೆನ್, ಮೆಕಾಲೆ, ಹೆಮ್ಕರ್ 2003ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ಅತಿವೇಗದ ಗುಂಡು ಬಡಿದಾಗ ಈ ಹರಳಿನೊಳಗೆ ಕೆಲವೇ ನ್ಯಾನೋಮೀಟರ್ ಅಗಲದ ಪಟ್ಟಿಗಳಲ್ಲಿ ಪರಮಾಣುಗಳ ಜೋಡಣೆ ಕುಸಿದು ಗಾಜಿನಂತಾಗುತ್ತದೆ. ಆ ಪಟ್ಟಿಗಳ ಉದ್ದಕ್ಕೇ ಫಲಕ ಒಡೆಯುತ್ತದೆ. ಸಿಲಿಕಾನ್ ಬೆರೆಸಿ ಈ ಕುಸಿತವನ್ನು ತಡೆಯುವ ಯತ್ನಗಳು ಆಮೇಲೆ ಶುರುವಾದವು.

ಈಗ ವಾದದ ತಿರುಳಿಗೆ ಬರೋಣ. ಸಹಜ ಬೋರಾನಿನಲ್ಲಿ ಎರಡು ಐಸೋಟೋಪುಗಳಿವೆ. ಶೇ. 20ರಷ್ಟಿರುವ ಬೋರಾನ್-10 ನಿಧಾನಗತಿಯ ನ್ಯೂಟ್ರಾನುಗಳನ್ನು ಹಿಡಿದು ನುಂಗಿ, ಲೀಥಿಯಂ ಮತ್ತು ಹೀಲಿಯಂ ಆಗಿ ಒಡೆಯುತ್ತದೆ. ಉಳಿದ ಬೋರಾನ್-11ಕ್ಕೆ ಆ ಹಸಿವಿಲ್ಲ. ಸರಪಳಿ ಕ್ರಿಯೆಗೆ ಲಗಾಮು ಹಾಕಲು ಬೇಕಾದದ್ದು ಇಂಥದೇ ವಸ್ತು. 1969ರ ಅಕ್ಟೋಬರಿನಲ್ಲಿ ವಾಣಿಜ್ಯ ವಿದ್ಯುತ್ ಉತ್ಪಾದನೆಗೆ ತೊಡಗಿದ ತಾರಾಪುರದ ಎರಡು ಕುದಿನೀರಿನ ರಿಯಾಕ್ಟರುಗಳನ್ನು ಕಟ್ಟಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಅವುಗಳ ನಿಯಂತ್ರಣ ಅಲಗುಗಳು ಶಿಲುಬೆಯಾಕಾರದವು; ಅಲಗಿನೊಳಗೆ ಸಾಲು ಸಾಲು ಉಕ್ಕಿನ ಸಣ್ಣ ಕೊಳವೆಗಳು, ಕೊಳವೆಗಳ ತುಂಬ ಬೋರಾನ್ ಕಾರ್ಬೈಡ್ ಪುಡಿ. ಗಡಸುತನಕ್ಕೆ ಅಲ್ಲಿ ಕವಡೆ ಕಿಮ್ಮತ್ತಿಲ್ಲ.

ಕರ್ನಾಟಕದ ಕೈಗಾದಲ್ಲಿ ಮಾತ್ರ ಈ ಅಲಗುಗಳಿಲ್ಲ. ಅದು ಭಾರಜಲದ ಸ್ಥಾವರ. ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡಿದವು. ಅಲ್ಲಿನ ಮೊದಲ ತುರ್ತುನಿಲುಗಡೆಗೆ ಕ್ಯಾಡ್ಮಿಯಂ ಸರಳುಗಳು. ಎರಡನೆಯದಕ್ಕೆ ಕೊಳವೆಗಳಿಗೆ ನುಗ್ಗುವ ಲೀಥಿಯಂ ಪೆಂಟಾಬೋರೇಟ್ ದ್ರಾವಣ. ಅಂದರೆ ಕೈಗಾದಲ್ಲೂ ಬೋರಾನ್ ಇದೆ, ನೀರಿನಲ್ಲಿ ಕರಗಿದ ರೂಪದಲ್ಲಿ. ಭಾರಜಲದ ತೊಟ್ಟಿ ತಣ್ಣಗೂ ಕಡಿಮೆ ಒತ್ತಡದಲ್ಲೂ ಇರುವುದರಿಂದ ದ್ರವದಿಂದಲೇ ಕೆಲಸವಾಗುತ್ತದೆ.

ಕಲ್ಪಾಕ್ಕಂನ ವೇಗದ ರಿಯಾಕ್ಟರುಗಳ ಸ್ಥಿತಿ ಬೇರೆ. ವೇಗದ ನ್ಯೂಟ್ರಾನುಗಳನ್ನು ಬೋರಾನ್-10 ಅಷ್ಟು ಸುಲಭವಾಗಿ ಹಿಡಿಯಲಾರದು. ಆದ್ದರಿಂದ ಅದರ ಪಾಲನ್ನೇ ಹೆಚ್ಚಿಸಬೇಕು. 1985ರ ಅಕ್ಟೋಬರ್ 18ರಂದು ಮೊದಲ ಬಾರಿಗೆ ಸರಪಳಿ ಕ್ರಿಯೆ ಸಾಧಿಸಿದ ಪ್ರಾಯೋಗಿಕ ರಿಯಾಕ್ಟರಿನ ಆರು ನಿಯಂತ್ರಣ ಸರಳುಗಳಲ್ಲಿ ಬೋರಾನ್-10ರ ಪಾಲು ಶೇ. 90. ಬೋರಾನ್-10ನ್ನು ಬೇರ್ಪಡಿಸುವ ಕೆಲಸವನ್ನು ಭಾರಜಲ ಮಂಡಳಿ ಒಡಿಶಾದ ತಾಲ್ಚೇರ್ ಮತ್ತು ತೆಲಂಗಾಣದ ಮಣುಗೂರಿನಲ್ಲಿ ಕೈಗೆತ್ತಿಕೊಂಡಿತು. 500 ಮೆಗಾವಾಟ್‌ನ ಮುಂದಿನ ರಿಯಾಕ್ಟರಿಗೆ 2024ರ ಮಾರ್ಚ್ 4ರಂದು ಕೋರ್ ಜೋಡಣೆ ಆರಂಭವಾಯಿತು. ಅದರ ಸರಳುಗಳಲ್ಲೂ ಬೋರಾನ್-10ರ ಪಾಲು ಹೆಚ್ಚಿಸಿದ ಬೋರಾನ್ ಕಾರ್ಬೈಡ್ ಬಿಲ್ಲೆಗಳು.

ಈ ಬಳಕೆಗೂ ಮಿತಿಯಿದೆ. ನುಂಗಿದ ಪ್ರತಿ ನ್ಯೂಟ್ರಾನಿಗೂ ಒಂದು ಹೀಲಿಯಂ ಪರಮಾಣು ಹುಟ್ಟುತ್ತದೆ. ಬಿಲ್ಲೆ ಉಬ್ಬಿ ಬಿರಿಯುತ್ತದೆ. ಸುಮಾರು 1,200 ಡಿಗ್ರಿಯಲ್ಲಿ ಬೋರಾನ್ ಕಾರ್ಬೈಡ್ ಮತ್ತು ಉಕ್ಕು ಕೂಡಿ ಕರಗಿಬಿಡುತ್ತವೆ, ಉಕ್ಕು ತಾನೊಂದೇ ಕರಗುವುದಕ್ಕಿಂತ ಮೊದಲೇ. ಫುಕುಶಿಮಾದಂಥ ಅವಘಡಗಳ ಅಧ್ಯಯನದಲ್ಲಿ ಇದು ದೊಡ್ಡ ಅಧ್ಯಾಯ. 1986ರಲ್ಲಿ ಚೆರ್ನೊಬಿಲ್‌ನ ಉರಿಯುವ ರಿಯಾಕ್ಟರಿನ ಮೇಲೆ ಹೆಲಿಕಾಪ್ಟರುಗಳಿಂದ ಸುರಿದ ಸುಮಾರು 5,000 ಟನ್ ವಸ್ತುಗಳಲ್ಲಿ 40 ಟನ್ ಬೋರಾನ್ ಕಾರ್ಬೈಡ್ ಇತ್ತು.

ಇಷ್ಟಕ್ಕೆಲ್ಲ ಬೇಕಾದ ಬೋರಾನ್ ಎಲ್ಲಿಂದ? ಹಿಂದೆ ಟಿಬೆಟ್ಟಿನ ಸರೋವರಗಳ ಬಿಳಿಗಾರ ಹಿಮಾಲಯ ದಾಟಿ ಬರುತ್ತಿತ್ತು. ಲಡಾಖಿನ ಪುಗಾ ಕಣಿವೆಯ ಬಿಸಿನೀರ ಬುಗ್ಗೆಗಳಲ್ಲೂ ಅದಿದೆ, ಉದ್ಯಮಕ್ಕೆ ಸಾಲುವಷ್ಟಲ್ಲ. ಇಂದು ಜಗತ್ತಿನ ಬೋರಾನ್ ನಿಕ್ಷೇಪದ ಬಹುಪಾಲು ಟರ್ಕಿಯಲ್ಲಿದೆ. ನಾವು ಆಮದು ಮಾಡಿಕೊಳ್ಳುತ್ತೇವೆ. ಕಾಗಿಣಾ ದಂಡೆಯವರಿಗೆ ಕಲ್ಲು ಕಾಲ ಕೆಳಗೇ ಇತ್ತು, ಬೋರಾನಿಗೆ ಆ ಭಾಗ್ಯವಿರಲಿಲ್ಲ.

ನಮ್ಮಲ್ಲಿ ವಸ್ತುಗಳ ಚರಿತ್ರೆ ಬರೆಯುವವರು ಕಡಿಮೆ. ಬರೆದರೂ ಕಂಪನಿಗಳ ವಾರ್ಷಿಕ ವರದಿಗಳಿಂದ ಬರೆಯುತ್ತಾರೆ. ಶಹಾಬಾದ್, ವಾಡಿ, ಸೇಡಂಗಳ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಮನೆಗಳಲ್ಲಿ ಗಡಸುತನ ಪರೀಕ್ಷೆಯ ಟಿಪ್ಪಣಿ, ನಳಿಕೆ-ಸಾಣೆಕಲ್ಲುಗಳ ಖರೀದಿ ಚೀಟಿ, ತರಬೇತಿಯ ನೋಟ್‌ಬುಕ್ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ, ನಿಮ್ಮೂರಿನ ಕಾಲೇಜಿಗೋ ತಲುಪಿಸಿ.