ರುಜು ಯಾರ ಕೈಯಲ್ಲಿದೆ?

ನಮ್ಮ ಹೊಸೂರು, ಡೆಂಕಣಿಕೋಟೆ ಕಡೆಯ ಹಳೆಯ ಮನೆಗಳಲ್ಲಿ ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿದ ಕಾಗದದ ಕಟ್ಟೊಂದು ಇರುತ್ತದೆ. ತಮಿಳಿನಲ್ಲಿ ಬರೆದ ಕ್ರಯಪತ್ರ, ಕೆಳಗೆ ಕನ್ನಡದಲ್ಲಿ ರುಜು. ಅಕ್ಷರ ಬಾರದವರದು ಹೆಬ್ಬೆಟ್ಟು. ತಮಿಳಿನವರು ಅದನ್ನು ಕೈನಾಟ್ಟು ಎನ್ನುತ್ತಾರೆ. ಆ ರುಜು ಕೈಬಿಟ್ಟು ಯಂತ್ರದೊಳಕ್ಕೆ ಹೋದ ಕಥೆಯನ್ನು ಈ ಹೊತ್ತು ಹೇಳುತ್ತೇನೆ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟನು. ಅಲೆಕ್ಸಾಂಡರ್ ರೀಡ್ ಕಲೆಕ್ಟರನಾಗಿ ಬಂದ. ಥಾಮಸ್ ಮನ್ರೋ ಆತನ ಸಹಾಯಕ. ಹೊಲ ಅಳೆದು ರೈತನ ಹೆಸರಿಗೇ ಪಟ್ಟಾ ಕೊಡುವ ರೈತವಾರಿ ಪದ್ಧತಿ ಇಲ್ಲಿ ಕುದುರಿತು. ಹೊಸೂರು ಭಾಗ ಕಂಪನಿಗೆ ಸೇರಿದ್ದು 1799ರಲ್ಲಿ. ಆ ಸೇಲಂ ಜಿಲ್ಲೆ ಒಡೆದು 1965ರಲ್ಲಿ ಧರ್ಮಪುರಿಯಾಯಿತು, ಧರ್ಮಪುರಿ ಒಡೆದು 2004ರಲ್ಲಿ ಕೃಷ್ಣಗಿರಿಯಾಯಿತು. ಲೆಕ್ಕದ ಪುಸ್ತಕ ಮಾತ್ರ ತಲೆಮಾರುಗಳ ಕಾಲ ಕರಣಿಕರ ಮನೆಯಲ್ಲೇ ಇತ್ತು. ತಮಿಳುನಾಡಿನಲ್ಲಿ ಆ ವಂಶಪಾರಂಪರ್ಯ ಹುದ್ದೆ ರದ್ದಾದದ್ದು 1980ರಲ್ಲಿ.

ಹೆಬ್ಬೆಟ್ಟಿಗೂ ಚರಿತ್ರೆಯುಂಟು. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ಗುತ್ತಿಗೆದಾರನೊಬ್ಬ ನಾಳೆ ಮಾತು ತಪ್ಪಬಾರದೆಂದು ಕರಾರಿನ ಮೇಲೆ ಅವನ ಇಡೀ ಅಂಗೈಯನ್ನೇ ಒತ್ತಿಸಿಕೊಂಡ.

ಇನ್ನು ಗಣಿತಕ್ಕೆ ಬರೋಣ. 1976ರಲ್ಲಿ ಡಿಫಿ ಮತ್ತು ಹೆಲ್ಮನ್ ಎಂಬಿಬ್ಬರು ದಾರಿ ತೋರಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಅದನ್ನು ಮಾಡಿಯೇ ತೋರಿಸಿದರು. ಜೋಡಿ ಸಂಖ್ಯೆಗಳು ಬೇಕು. ಒಂದು ಬೆರಳಿನ ಮುದ್ರೆಯುಂಗುರವಿದ್ದಂತೆ, ಒಡೆಯನ ಬಳಿಯೇ ಇರಬೇಕು. ಇನ್ನೊಂದು ಊರಿಗೆಲ್ಲ ಹಂಚಿದ ಅಚ್ಚಿನ ಮಾದರಿ. ಯಾರು ಬೇಕಾದರೂ ಹೋಲಿಸಿ ನೋಡಬಹುದು. ಪತ್ರದಲ್ಲಿ ಒಂದಕ್ಷರ ತಿದ್ದಿದರೂ ಹೋಲಿಕೆ ತಪ್ಪುತ್ತದೆ. ಕಾಗದದ ರುಜುವಿಗೆ ಈ ಶಕ್ತಿ ಇರಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬೆಲೆ ಬಂದದ್ದು 2000ದ ಅಕ್ಟೋಬರ್ 17ರಂದು, ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದಾಗ. ಅದರ 42ನೆಯ ಕಲಮನ್ನು ಗಮನಿಸಿ. ಗುಟ್ಟಿನ ಕೀಲಿಯನ್ನು ಕಾಪಾಡುವುದು ಒಡೆಯನ ಹೊಣೆ. ಕೀಲಿ ಕೈತಪ್ಪಿದರೆ, ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸುವ ತನಕ ಅದರ ಭಾರವೂ ಅವನದೇ. ಗಡಿಯಾಚೆ ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿ ತಿದ್ದುವ ನೌಕರನು ಬೆರಳೊತ್ತಿಯೇ ಕಂಪ್ಯೂಟರಿನೊಳಗೆ ಹೋಗಬೇಕಾಯಿತು. ಓದಿದವರೂ ಹೆಬ್ಬೆಟ್ಟಿಗೇ ಮರಳಿದರು!

ಆ ಕೀಲಿಯನ್ನು ಇಡುವುದೆಲ್ಲಿ? ಸ್ಮಾರ್ಟ್ ಕಾರ್ಡಿನ ಚಿಪ್ಪಿನಲ್ಲಿ, ಇಲ್ಲವೆ ಬೆರಳುದ್ದದ ಟೋಕನ್ನಿನಲ್ಲಿ. ಕೀಲಿ ಹೊರಗೆ ಬಾರದಂತೆ ಅದನ್ನು ಕಟ್ಟಿರುತ್ತಾರೆ. ಆದರೆ ಟೋಕನ್ನಿಗೆ ಕಣ್ಣಿಲ್ಲ. ಕಂಪ್ಯೂಟರು ಏನು ಕೊಟ್ಟರೂ ರುಜು ಹಾಕುತ್ತದೆ. ಪರದೆಯ ಮೇಲೆ ಒಂದು ತೋರಿಸಿ ಒಳಗೆ ಇನ್ನೊಂದು ಕೊಟ್ಟರೆ ಅದಕ್ಕೆ ತಿಳಿಯದು. ನಾನು ಕಂಡ ಒಂದು ಕಚೇರಿಯಲ್ಲಿ ಅಧಿಕಾರಿಯ ಟೋಕನ್ನು ಗುಮಾಸ್ತರ ಮೇಜಿನ ಖಾನೆಯಲ್ಲಿತ್ತು, ಪಿನ್ ಸಂಖ್ಯೆ ಅದರ ಜೊತೆಗೇ ಚೀಟಿಯಲ್ಲಿ. ಕರಣಿಕರ ಕಾಲ ಮುಗಿಯಿತೆಂದವರು ಯಾರು?

ಎಚ್ಚರವಾಗಿದ್ದವರಿಗೂ ಪೆಟ್ಟು ಬಿದ್ದಿದೆ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಜನ ಗುರುತಿನ ಕಾರ್ಡಿನಿಂದಲೇ ರುಜು ಹಾಕುತ್ತಾರೆ, ಮತವನ್ನೂ ಚಲಾಯಿಸಬಹುದು. 2017ರಲ್ಲಿ ಜೆಕ್ ದೇಶದ ಬರ್ನೊ ನಗರದ ಸಂಶೋಧಕರು ಒಂದು ದೋಷ ಹಿಡಿದರು. ಚಿಪ್ಪಿನೊಳಗಿನ ತಂತ್ರಾಂಶ ಬೇಗ ಮುಗಿಸಲೆಂದು ಕೀಲಿಯ ಸಂಖ್ಯೆಗಳನ್ನು ಒಂದೇ ಜಾಡಿನಲ್ಲಿ ಹುಟ್ಟಿಸುತ್ತಿತ್ತು. ಜಾಡು ತಿಳಿದವನು ಊರಿಗೆ ಹಂಚಿದ ಮಾದರಿಯಿಂದಲೇ ಗುಟ್ಟಿನ ಕೀಲಿಯನ್ನು ಲೆಕ್ಕಹಾಕಿ ತೆಗೆಯಬಹುದಿತ್ತು. ಕಾರ್ಡನ್ನು ಕದಿಯುವುದೇ ಬೇಡ! ಪರೀಕ್ಷಿಸಿ ಸರಿಯಿದೆಯೆಂದು ಮುದ್ರೆ ಬಿದ್ದಿದ್ದ ಚಿಪ್ಪದು. ಸುಮಾರು 7,60,000 ಕಾರ್ಡುಗಳ ಪ್ರಮಾಣಪತ್ರಗಳನ್ನು ಆ ನವೆಂಬರಿನಲ್ಲಿ ಸರ್ಕಾರ ತಡೆಹಿಡಿಯಬೇಕಾಯಿತು. ದೋಷವನ್ನು ಮುಚ್ಚಿಡದೆ ಜನರಿಗೆ ಹೇಳಿ, ಹೊಸ ಕೀಲಿ ಹಾಕಿಕೊಟ್ಟರೆಂಬುದು ಮೆಚ್ಚತಕ್ಕ ಮಾತು.

ಇಂದು ನಮ್ಮ ಮಕ್ಕಳ ಜಾತಿ ಪ್ರಮಾಣಪತ್ರ ಇ-ಸೇವೈ ಮೈಯದಿಂದ ತಹಶೀಲ್ದಾರರ ಡಿಜಿಟಲ್ ರುಜುವಿನೊಡನೆ ಬರುತ್ತದೆ. ಅಂಗಡಿಯಲ್ಲಿ ಅಚ್ಚು ಹಾಕಿಸಿದ ಹಾಳೆಯಲ್ಲಿ ಆ ಗಣಿತ ಉಳಿದಿರುವುದಿಲ್ಲ. ಅದು ಕಡತದಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಹಾಳೆ ಪಡೆದ ಮೇಲೆ ಆ ಕಡತವನ್ನೂ ಕೇಳಿ ಪಡೆದು, ಮೊಬೈಲಿನಲ್ಲೊಂದು, ನಂಬುಗೆಯ ನೆಂಟರ ಬಳಿ ಇನ್ನೊಂದು ಪ್ರತಿ ಇಡಿ. ಹಳೆಯ ಕ್ರಯಪತ್ರದ ಕಟ್ಟನ್ನೂ ಎಸೆಯಬೇಡಿ.