ಆಘಾತಕ್ಕೊಳಗಾದವರಿಗಾಗಿ ಗುಂಪು ಶಿಬಿರ: ನಡೆಸುವವರು ಅರಿತಿರಬೇಕಾದ ಸಂಗತಿಗಳು

2005ರ ಜುಲೈ 26ರ ಮಹಾಮಳೆ, 2006ರ ಜುಲೈ 11ರ ಲೋಕಲ್ ರೈಲು ಸ್ಫೋಟಗಳು, 2008ರ ನವೆಂಬರ್ 26ರ ದಾಳಿ - ಇವನ್ನೆಲ್ಲ ಕಂಡ ಮುಂಬಯಿಯಲ್ಲಿ ನೆರವಿಗೆ ಧಾವಿಸುವವರಿಗೆ ಎಂದೂ ಕೊರತೆಯಾಗಿಲ್ಲ. ಅನ್ನ, ಔಷಧ, ರಕ್ತದಾನಗಳೊಂದಿಗೆ ನೊಂದವರ ಮನಸ್ಸಿಗೂ ಆಸರೆ ಬೇಕೆಂಬ ಅರಿವು ಸಂಘ-ಸಂಸ್ಥೆಗಳಲ್ಲಿ ಮೂಡಿರುವುದು ಸಂತೋಷದ ವಿಷಯ. ಆದರೆ ಹತ್ತು ಜನರನ್ನು ಕೂಡಿಸಿ, 'ಇದ್ದುದನ್ನೆಲ್ಲ ಹೇಳಿ ಹಗುರವಾಗಿ' ಎಂದರೆ ಕೆಲಸ ಮುಗಿಯಿತೆಂಬ ನಂಬಿಕೆ ಅಪಾಯಕಾರಿ.

ಈ ನಂಬಿಕೆಗೂ ಒಂದು ಇತಿಹಾಸವಿದೆ. ದುರ್ಘಟನೆಯಾದ ಕೆಲವೇ ದಿನಗಳಲ್ಲಿ ಗುಂಪನ್ನು ಸೇರಿಸಿ, ನಡೆದುದನ್ನು ಹಂತ ಹಂತವಾಗಿ ಹೇಳಿಸುವ ಪದ್ಧತಿಯನ್ನು 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ತುರ್ತುಸೇವೆಯ ಸಿಬ್ಬಂದಿಗಾಗಿ ರೂಪಿಸಿದರು. ಕ್ರಮೇಣ ಇಂಥ ವಿಧಾನಗಳನ್ನು ಸಂತ್ರಸ್ತರೆಲ್ಲರಿಗೂ ಬಳಸಲಾಯಿತು. ಒಂದೇ ಬೈಠಕ್ಕಿನಲ್ಲಿ ಹೀಗೆ ಹೇಳಿಸುವುದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಲ್ಲಿ ಅದು ಹೆಚ್ಚಲೂಬಹುದು, ಆದ್ದರಿಂದ ಕಡ್ಡಾಯವಾಗಿ ಹೇಳಿಸುವುದು ನಿಲ್ಲಬೇಕು ಎಂದು 2002ರ ಕೊಕ್ರೇನ್ ಸಮೀಕ್ಷೆ ಅಭಿಪ್ರಾಯಪಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಕೂಡ ನೋಡುವುದು, ಆಲಿಸುವುದು, ನೆರವಿನೊಂದಿಗೆ ಜೋಡಿಸುವುದು ಎಂಬ ಮೂರನ್ನೇ ಮುಂದಿಡುತ್ತದೆ, ಕಥನಕ್ಕಾಗಿ ಒತ್ತಾಯಿಸಬಾರದೆನ್ನುತ್ತದೆ. ಚೇತರಿಕೆಯ ಮೊದಲ ಘಟ್ಟ ಸುರಕ್ಷತೆ, ಸ್ಮರಣೆಯ ಸರದಿ ಅದರ ನಂತರ ಎಂದು ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿಯೇ ಪ್ರತಿಪಾದಿಸಿದ್ದರು.

ಇದನ್ನು ಆಚರಣೆಗೆ ತರುವುದು ಹೇಗೆ? ಶಿಬಿರಕ್ಕೆ ಮುನ್ನ ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡಬೇಕು. ನಿದ್ರೆಯೇ ಇಲ್ಲದವರು, ಆತ್ಮಹತ್ಯೆಯ ಯೋಚನೆಯುಳ್ಳವರು, ಇನ್ನೂ ಹಿಂಸೆಯ ನಡುವೆಯೇ ಬದುಕುತ್ತಿರುವವರಿಗೆ ಗುಂಪಿಗಿಂತ ವೈದ್ಯರ ಅಥವಾ ಆಪ್ತಸಲಹೆಗಾರರ ನೆರವು ಮೊದಲು ದೊರೆಯಬೇಕು. ಗುಂಪು ಚಿಕ್ಕದಾಗಿರಲಿ. ಸಂಚಾಲಕರು ಇಬ್ಬರಿರಲಿ, ಅವರಲ್ಲಿ ಒಬ್ಬರಾದರೂ ತರಬೇತಿ ಪಡೆದವರಾಗಿರಲಿ. ಬ್ಯಾಂಕಿನ ತಿಜೋರಿಯ ಕೀಲಿಗಳು ಇಬ್ಬರ ವಶದಲ್ಲಿರುವ ಕ್ರಮ ನಮಗೆ ಚಿರಪರಿಚಿತ. ಇಲ್ಲಿಯೂ ಒಬ್ಬರು ಮಾತು ನಡೆಸುವಾಗ ಇನ್ನೊಬ್ಬರು ಮುಖಗಳನ್ನು ಗಮನಿಸುತ್ತಿರಬೇಕು. ಬಾಗಿಲು ಎಲ್ಲರಿಗೂ ಕಾಣುವಂತಿರಲಿ, ಚಿಲಕ ಹಾಕುವುದು ಬೇಡ. ಕೇಳದೆ ಹೆಗಲು ಮುಟ್ಟುವುದು, ತಟ್ಟನೆ ದೀಪ ಆರಿಸುವುದು ಸಲ್ಲದು. ಕಣ್ಮುಚ್ಚಿ ಧ್ಯಾನ ಮಾಡಿಸುವುದು ನಮ್ಮವರಿಗೆ ಪ್ರಿಯವಾದರೂ, ಮುಚ್ಚಿದ ಕಣ್ಣಿನೆದುರು ಆ ಹಳೆಯ ದೃಶ್ಯವೇ ಬಂದು ನಿಲ್ಲುವವರಿದ್ದಾರೆ. ಕಣ್ತೆರೆದು ಕುಳಿತಿರಲು, ಸುಮ್ಮನಿರಲು, ಎದ್ದು ಹೋಗಲು ಅನುಮತಿ ಇದೆಯೆಂದು ಆರಂಭದಲ್ಲಿಯೇ ಹೇಳಿಬಿಡಬೇಕು.

ದೀಪ ಬೆಳಗುವುದು, ಮುಖ್ಯ ಅತಿಥಿಗಳ ಭಾಷಣ, ಶಾಲು ಹೊದಿಸುವುದು, ಛಾಯಾಚಿತ್ರ - ಇವಿಲ್ಲದ ಕಾರ್ಯಕ್ರಮ ನಮ್ಮ ಸಂಘಗಳಲ್ಲಿ ಅಪರೂಪವೇ ಸರಿ. ಈ ಶಿಬಿರದಲ್ಲಿ ಇವಾವುವೂ ಬೇಡ. ಛಾಯಾಚಿತ್ರವಂತೂ ಕೂಡದು.

ಗೋಪ್ಯತೆಯ ವಿಚಾರದಲ್ಲಿ ನಮ್ಮ ಸಮಾಜ ಇನ್ನೂ ಎಚ್ಚರ ವಹಿಸಬೇಕು. ಹೊರನಾಡಿನಲ್ಲಿ ನಾವೆಲ್ಲ ಒಂದಿಲ್ಲೊಂದು ಬಗೆಯಲ್ಲಿ ನೆಂಟರೇ. ಶಿಬಿರದಲ್ಲಿ ಸೊಸೆಯೊಬ್ಬಳು ಆಡಿದ ಮಾತು ಮುಂದಿನ ವಾರದ ಮದುವೆ ಮಂಟಪದಲ್ಲಿ ಅತ್ತೆಯ ಕಿವಿ ತಲುಪಬಹುದು. ಆದ್ದರಿಂದ ಒಂದೇ ಕುಟುಂಬದವರನ್ನು ಒಂದೇ ಗುಂಪಿಗೆ ಸೇರಿಸದಿರುವುದು ಲೇಸು. ಹಾಗೆಂದು 'ಯಾರಿಗೂ ಏನನ್ನೂ ಹೇಳುವುದಿಲ್ಲ' ಎಂಬ ಭಾಷೆಯನ್ನೂ ಕೊಡಲಾಗದು. ಪ್ರಾಣಾಪಾಯವಿದ್ದಾಗ ಹೇಳಲೇಬೇಕಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಗಳನ್ನು ಯಾರೂ ಬಾಯಿ ತೆರೆಯುವ ಮುನ್ನವೇ ವಿವರಿಸುವುದು ನ್ಯಾಯ.

ಯಾರಾದರೂ ಇದ್ದಕ್ಕಿದ್ದಂತೆ ನಡುಗತೊಡಗಿದರೆ, ಶೂನ್ಯದೃಷ್ಟಿಯಲ್ಲಿ ಕುಳಿತುಬಿಟ್ಟರೆ, ಕಾರಣ ಕೆದಕಬಾರದು. ಮೆಲುದನಿಯಲ್ಲಿ ಹೆಸರು ಹಿಡಿದು ಕರೆದು, ಇದು ಯಾವ ಊರು, ಇಂದು ಯಾವ ದಿನ ಎಂದು ನೆನಪಿಸಬೇಕು. ಪಾದಗಳನ್ನು ನೆಲಕ್ಕೆ ಊರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳನ್ನು ಹೆಸರಿಸಲು ಹೇಳಬೇಕು. ಅವರು ಹೊರಗೆ ಹೋಗಬಯಸಿದರೆ ಎರಡನೆಯ ಸಂಚಾಲಕರು ಜೊತೆಗೆ ಹೋಗುವುದು ವಿಹಿತ. ಶಿಬಿರವನ್ನು ಕಣ್ಣೀರಿನ ನಡುವೆ ಮುಗಿಸದೆ, ಚಹಾ ಕುಡಿಯುತ್ತ ಮನೆಗೆ ಹೋಗುವ ಬಸ್ಸು, ರೈಲಿನ ಮಾತಿಗೆ ಇಳಿಯುವಷ್ಟು ಸಮಯ ಉಳಿಸಿಕೊಳ್ಳಬೇಕು. ಮರುದಿನ ಪ್ರತಿಯೊಬ್ಬರಿಗೂ ದೂರವಾಣಿ ಕರೆ ಹೋಗಬೇಕು.

2001ರ ಗುಜರಾತ್ ಭೂಕಂಪ, 2004ರ ಸುನಾಮಿಯ ನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸ್ಥಳೀಯ ಕಾರ್ಯಕರ್ತರಿಗೇ ತರಬೇತಿ ನೀಡಿ ಮನೋಸಾಮಾಜಿಕ ನೆರವನ್ನು ಮನೆಮನೆಗೆ ತಲುಪಿಸಿತ್ತು. ನೋವು ಹೇಳಿಕೊಳ್ಳಲು ಮನೆಮಾತೇ ಬೇಕು. ಹಿಂದಿ, ಮರಾಠಿಯಲ್ಲಿ ವ್ಯವಹಾರ ಬಲ್ಲ ನಮ್ಮ ಹಿರಿಯರು ದುಃಖವನ್ನು ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೇಳುತ್ತಾರೆ. ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚಿಬೀಳುವಿಕೆ ಕಡಿಮೆಯಾಗದವರನ್ನು ಮನೋವೈದ್ಯರ ಬಳಿಗೆ ಕಳುಹಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಶಿಬಿರಾರ್ಥಿಗಳ ಕೈಗೆ ಕೊಟ್ಟೇ ಕಳುಹಿಸತಕ್ಕದ್ದು.